ಕದ್ದ ಕಾರು ಕಣ್ಣೆದುರೇ ಹೋದರೂ ಪೊಲೀಸರು ಬೆನ್ನಟ್ಟುವುದಿಲ್ಲ ಏಕೆ?

ಪ್ರಶ್ನೆ – ಶ್ರೀನಿಧಿ, ರೆಡ್ಮಂಡ್
ಎಲ್ಲರಿಗೂ ನಮಸ್ಕಾರ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ 2021ರಲ್ಲಿ ಪೊಲೀಸ್ ಚೇಸ್‌ಗೆ ಕಡಿವಾಣ ಹಾಕಿದರು, 2024ರಲ್ಲಿ ಸಡಿಲಿಸಿದರು. ಆದರೂ ಕದ್ದ ಕಾರಿನ ಹಿಂದೆ ಹೋಗದೆ ಬಿಟ್ಟರು ಎಂಬ ಮಾತು ಈಗಲೂ ಕೇಳಿಬರುತ್ತದೆ. ಈಗಿನ ನಿಯಮ ಸರಿಯಾಗಿ ಏನು ಹೇಳುತ್ತದೆ?

ಉತ್ತರ – ನಾಗರಾಜ್, ಪೊಲೀಸ್ ಚಾಲನಾ ತರಬೇತುದಾರ
ಶ್ರೀನಿಧಿಯವರೇ, 2021ರ ಕಾಯ್ದೆಯ ಪ್ರಕಾರ ಹಿಂಸಾತ್ಮಕ ಅಪರಾಧ, ಲೈಂಗಿಕ ಅಪರಾಧ ಅಥವಾ ಬಂಧನದಿಂದ ತಪ್ಪಿಸಿಕೊಂಡ ಪ್ರಕರಣ ಇದ್ದರೆ ಮಾತ್ರ, ಅದೂ ಗಟ್ಟಿ ಆಧಾರ ಇದ್ದರೆ ಮಾತ್ರ ಬೆನ್ನಟ್ಟಬಹುದಿತ್ತು. ಕುಡಿದು ಓಡಿಸುವವರ ವಿಷಯದಲ್ಲಿ ಸಕಾರಣ ಅನುಮಾನ ಸಾಕಿತ್ತು. 2023ರಲ್ಲಿ ಪಟ್ಟಿಯಲ್ಲಿದ್ದ ಉಳಿದ ಅಪರಾಧಗಳಿಗೂ ಅನುಮಾನವೇ ಸಾಕು ಎಂದರು. 2024ರ ಮಾರ್ಚ್‌ನಲ್ಲಿ ಶಾಸನಸಭೆ, ಜನರು ಸಹಿ ಸಂಗ್ರಹಿಸಿ ಮುಂದಿಟ್ಟ ಮಸೂದೆ ಇನಿಷಿಯೇಟಿವ್ 2113 ಅನ್ನು ಒಪ್ಪಿತು, ಜೂನ್‌ನಲ್ಲಿ ಅದು ಜಾರಿಗೆ ಬಂತು. ಇಂಥ ಅಪರಾಧಕ್ಕೆ ಮಾತ್ರ ಬೆನ್ನಟ್ಟಬಹುದು ಎಂಬ ಪಟ್ಟಿ ಅಲ್ಲಿಗೆ ರದ್ದಾಯಿತು. ಈಗ ಕಾನೂನು ಮುರಿದಿದ್ದಾನೆ ಎಂಬ ಸಕಾರಣ ಅನುಮಾನ ಇದ್ದರೆ ಮೊದಲ ಬಾಗಿಲು ತೆರೆಯುತ್ತದೆ, ಕದ್ದ ಕಾರಿಗೂ ಸಹ.

ಆದರೆ ಒಳಗೆ ಇನ್ನೆರಡು ಬಾಗಿಲುಗಳಿವೆ. ಓಡುತ್ತಿರುವವನಿಂದ ಬೇರೆಯವರ ಸುರಕ್ಷತೆಗೆ ಬೆದರಿಕೆ ಇರಬೇಕು. ಅವನನ್ನು ಬಿಟ್ಟರೆ ಆಗುವ ಅಪಾಯ ಬೆನ್ನಟ್ಟಿದರೆ ಆಗುವ ಅಪಾಯಕ್ಕಿಂತ ದೊಡ್ಡದಿರಬೇಕು. ಇದರ ಮೇಲೆ ಪ್ರತಿ ಇಲಾಖೆಯೂ ತನ್ನ ನೀತಿಯನ್ನು ಕಾನೂನಿಗಿಂತ ಬಿಗಿಯಾಗಿ ಇಟ್ಟುಕೊಳ್ಳಬಹುದು. ಒಂದೇ ದಿನ ಪಕ್ಕಪಕ್ಕದ ಎರಡು ಊರುಗಳಲ್ಲಿ ಒಂದು ಕಡೆ ಬೆನ್ನಟ್ಟಿ, ಇನ್ನೊಂದು ಕಡೆ ಬಿಟ್ಟರೆ ಅದು ಕಾನೂನಿನ ಗೊಂದಲವಲ್ಲ, ಎರಡು ಇಲಾಖೆಗಳ ನೀತಿಯ ವ್ಯತ್ಯಾಸ.

ಬೆನ್ನಟ್ಟಲು ಶುರು ಮಾಡಿದ ಕೂಡಲೇ ಅಧಿಕಾರಿ ಮೇಲ್ವಿಚಾರಕರಿಗೆ ತಿಳಿಸಬೇಕು. ರೇಡಿಯೋದಲ್ಲಿ ಕಾರಣ, ರಸ್ತೆ, ದಿಕ್ಕು, ವೇಗ, ವಾಹನ ದಟ್ಟಣೆ, ಒಳಗೆ ಎಷ್ಟು ಜನ, ಇಷ್ಟನ್ನು ಹೇಳಬೇಕು. ಇದನ್ನು ಬರೀ ಔಪಚಾರಿಕತೆ ಎಂದುಕೊಳ್ಳಬೇಡಿ. ಸೈರನ್ ಹಾಕಿ ಓಡಿಸುವವನ ಕಣ್ಣು ಮುಂದಿನ ಕಾರಿಗೆ ಅಂಟಿಕೊಳ್ಳುತ್ತದೆ, ಅಡ್ಡರಸ್ತೆಯಿಂದ ಬರುವವರು ಕಾಣದಂತಾಗುತ್ತಾರೆ, ಸ್ಪೀಡೋಮೀಟರ್ ನೋಡುವುದೂ ಮರೆತುಹೋಗುತ್ತದೆ. ಅದಕ್ಕೇ "ಸಾಕು, ನಿಲ್ಲಿಸು" ಎನ್ನುವ ಅಧಿಕಾರ ಆ ಕಾರಿನಲ್ಲಿ ಕೂತಿಲ್ಲದವರ ಕೈಯಲ್ಲಿ ಇರಲೇಬೇಕು. ಅಪರಾಧಗಳ ಪಟ್ಟಿ ಉದ್ದವಿರಲಿ ಗಿಡ್ಡವಿರಲಿ, ನೀತಿಯ ಜೀವ ಇರುವುದು ಇಲ್ಲಿ.

ಲೆಕ್ಕ ನೋಡಿ. ಗಂಟೆಗೆ 90 ಮೈಲಿ ಅಂದರೆ ಸೆಕೆಂಡಿಗೆ 40 ಮೀಟರ್. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಮುಟ್ಟುವ ಮೊದಲೇ 60 ಮೀಟರ್ ಕಳೆದಿರುತ್ತದೆ. 60 ಮೈಲಿಗೆ ಹೋಲಿಸಿದರೆ ಡಿಕ್ಕಿಯ ಶಕ್ತಿ ಎರಡೂಕಾಲು ಪಟ್ಟು. ಕೇಂದ್ರ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗದ ಪ್ರಕಾರ 1996ರಿಂದ 2015ರವರೆಗೆ ಅಮೆರಿಕದಲ್ಲಿ ಚೇಸ್‌ಗೆ ಸಂಬಂಧಿಸಿದ ಅಪಘಾತಗಳಲ್ಲಿ ವರ್ಷಕ್ಕೆ ಸರಾಸರಿ 355 ಜನ ಸತ್ತಿದ್ದಾರೆ. ಹೆಚ್ಚುಕಡಿಮೆ ದಿನಕ್ಕೊಬ್ಬರು. ಹಸಿರು ದೀಪ ನೋಡಿ ತಮ್ಮ ಪಾಡಿಗೆ ಹೊರಟವರೂ ಇದರಲ್ಲಿದ್ದಾರೆ.

ಪ್ರಶ್ನೆ – ಅನುಪಮಾ
ಸರ್, ಹಿಂದಿನಿಂದ ತಾಗಿಸಿ ಕಾರು ತಿರುಗಿಸುತ್ತಾರಲ್ಲ, ಮೊಳೆಪಟ್ಟಿ ಎಸೆಯುತ್ತಾರಲ್ಲ? ಮೊದಲ ನಿಮಿಷದಲ್ಲೇ ಅದನ್ನು ಮಾಡಿ ಮುಗಿಸಬಾರದೇ?

ಉತ್ತರ – ನಾಗರಾಜ್
ಮಾಡಬಹುದು, ಜಾಗ ಮತ್ತು ವೇಗ ಒದಗಿದರೆ. ತಾಗಿಸುವ ವಿಧಾನಕ್ಕೆ ಪಿಟ್ ಎನ್ನುತ್ತಾರೆ. ಪೊಲೀಸ್ ಕಾರಿನ ಮುಂದಿನ ಮೂಲೆಯನ್ನು ಓಡುವ ಕಾರಿನ ಹಿಂಚಕ್ರದ ಹಿಂದಿನ ಭಾಗಕ್ಕೆ ಸರಿಹೊಂದಿಸಬೇಕು. ವೇಗ ಸಮ ಮಾಡಿ, ಮೆಲ್ಲಗೆ ತಾಗಿಸಿ, ಆಮೇಲೆ ಸ್ಟೇರಿಂಗನ್ನು ಅವನ ಕಡೆಗೆ ತಿರುಗಿಸಬೇಕು. ಗುದ್ದಬಾರದು, ಒತ್ತಬೇಕು. ಹಿಂಚಕ್ರಗಳ ಹಿಡಿತ ತಪ್ಪಿ ಕಾರು ಗಿರಕಿ ಹೊಡೆಯುತ್ತದೆ. ಗಂಟೆಗೆ 35 ಮೈಲಿ ಮೀರಿದರೆ ಮಾಡಕೂಡದು ಎಂದು ಅನೇಕ ಇಲಾಖೆಗಳ ನಿಯಮ. ಮೇಲಕ್ಕೆ ಹೋದಂತೆ ಕಾರು ತಿರುಗಿ ನಿಲ್ಲುವ ಬದಲು ಮಗುಚುತ್ತದೆ, ಇಲ್ಲವೇ ಎದುರು ಲೇನಿಗೆ ಜಾರುತ್ತದೆ. ಎತ್ತರದ ಎಸ್‌ಯುವಿ, ವ್ಯಾನ್, ಹಿಂದೆ ಜನ ಕೂತ ಪಿಕಪ್‌ಗಳಿಗೆ ಇದು ಸಲ್ಲದು. ಬೈಕಿಗಂತೂ ಅದು ಜೀವ ತೆಗೆಯುವುದಕ್ಕೆ ಸಮ.

ಮೊಳೆಪಟ್ಟಿಯಲ್ಲಿ ಇರುವುದು ಟೊಳ್ಳು ಮೊಳೆಗಳು. ಟೈರಿನಲ್ಲಿ ಸಿಕ್ಕಿಕೊಂಡು ಗಾಳಿಯನ್ನು ಸುಮಾರು ಅರ್ಧ ನಿಮಿಷದಲ್ಲಿ ನಿಧಾನವಾಗಿ ಬಿಡುತ್ತವೆ. ಗಾಳಿ ಒಮ್ಮೆಲೇ ಹೋದರೆ ಹಿಡಿತ ತಪ್ಪಬಹುದು. ತೊಂದರೆ ಇರುವುದು ಹಾಕುವ ಕ್ಷಣದಲ್ಲಿ: ಸೇತುವೆಯ ಕಂಬ, ಗಾರ್ಡ್ ರೈಲಿನಂಥ ಗಟ್ಟಿ ಮರೆ ಬೇಕು, ಪಟ್ಟಿ ಎಸೆದ ಮೇಲೆ ಹಗ್ಗದ ತುದಿ ಹಿಡಿದು ದೂರ ಸರಿಯಬೇಕು, ಅವನ ಕಾರು ದಾಟಿದ ಕೂಡಲೇ ಹಿಂದಿನ ಪೊಲೀಸ್ ಕಾರು ಬರುವ ಮೊದಲು ಪಟ್ಟಿ ಎಳೆದುಕೊಳ್ಳಬೇಕು. ಮರೆಯಿಲ್ಲದ ಕಡೆ ನಿಂತು ಪಟ್ಟಿ ಹಾಕಲು ಹೋಗಿ ಕಾರಿನಡಿ ಸಿಕ್ಕಿ ಸತ್ತ ಪೊಲೀಸರಿದ್ದಾರೆ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಅವನಿಗೆ ಓಡಲು ಕಾರಣವೇ ಇಲ್ಲದಂತೆ ಮಾಡುವುದು. ನಿಂತ ಕಾರಾದರೆ ಎಂಜಿನ್ ಶುರುವಾಗುವ ಮೊದಲೇ ಹಿಂದೆ ಮುಂದೆ ಅಡ್ಡ ನಿಲ್ಲಿಸಿ. ಓಡುತ್ತಿದ್ದರೆ ಹೆಲಿಕಾಪ್ಟರ್ ಮೇಲಿಂದ ನೋಡುತ್ತಿರಲಿ, ನೆಲದ ಕಾರುಗಳು ದೀಪ ಆರಿಸಿ ಹಿಂದೆ ಸರಿಯಲಿ. ಅಥವಾ ಪೊಲೀಸ್ ಕಾರಿನ ಮುಂಭಾಗದಿಂದ ಅಂಟು ಜಿಪಿಎಸ್ ಚಿಮ್ಮಿಸುವ ಸಾಧನ ಬಳಸಲಿ. ಅಂಟಿದರೆ ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲಿಗೆ ಹೋಗಿ ಹಿಡಿಯಬಹುದು.

ಪ್ರತಿಕ್ರಿಯೆ – ಮಂಜುನಾಥ್, ನಿವೃತ್ತ ಗಸ್ತು ಅಧಿಕಾರಿ
ನಾಗರಾಜ್ ಅವರೇ, ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೆನ್ನಟ್ಟುವುದಿಲ್ಲ ಎಂದು ಗೊತ್ತಾದರೆ ಕೆಂಪು-ನೀಲಿ ದೀಪ ಕಂಡ ಕೂಡಲೇ ಆಕ್ಸಲರೇಟರ್ ಒತ್ತುವವರು ಹೆಚ್ಚುತ್ತಾರೆ. 2021ರ ನಂತರ ನಿಲ್ಲಿಸದೆ ಓಡಿದವರು ಹೆಚ್ಚಾದರು ಎಂದು ರಾಜ್ಯದ ಪೊಲೀಸ್ ಪಡೆಯಾದ ವಾಷಿಂಗ್ಟನ್ ಸ್ಟೇಟ್ ಪ್ಯಾಟ್ರೋಲೇ ಹೇಳಿತ್ತು. ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರ 2010ರಲ್ಲಿ ಬಿಗಿ ಮಾಡಿದ ನೀತಿಯನ್ನು 2017ರಲ್ಲಿ ಸಡಿಲಿಸಿದ್ದೂ ಇಂಥದೇ ಒತ್ತಡದಿಂದ. ಅದೇ ಕಾರು ಮರುದಿನ ದರೋಡೆಗೆ ಬಳಕೆಯಾದರೆ ಆ ಸಂತ್ರಸ್ತರನ್ನು ಯಾವ ಲೆಕ್ಕದಲ್ಲಿ ಸೇರಿಸುತ್ತೀರಿ?

ಉತ್ತರ – ನಾಗರಾಜ್
ಮಂಜುನಾಥ್ ಸರ್, ಈ ಮಾತನ್ನು ತಳ್ಳಿಹಾಕಲಾರೆ. ಆ ಸಂತ್ರಸ್ತರೂ ಲೆಕ್ಕಕ್ಕೆ ಬರಲೇಬೇಕು. ಆದರೆ ಕಾರು ಕಳವು ಆ ವರ್ಷಗಳಲ್ಲಿ ಕಾನೂನು ಬದಲಾಗದ ರಾಜ್ಯಗಳಲ್ಲೂ ಏರಿತು. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ) ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಕದಿಯುವುದು ಸುಲಭ ಎಂಬುದು ದೇಶಕ್ಕೆಲ್ಲ ಗೊತ್ತಾಗಿತ್ತು. ಕಳವು ಏರಿದ್ದನ್ನೆಲ್ಲ ಚೇಸ್ ನೀತಿಯ ತಲೆಗೆ ಕಟ್ಟುವುದು ಸರಿಯಲ್ಲ.

ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಜೆಫ್ರಿ ಆಲ್ಪರ್ಟ್ ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದವರು. ಹಿಂದೊಮ್ಮೆ ಪೊಲೀಸರಿಂದ ತಪ್ಪಿಸಿಕೊಳ್ಳಲು ಓಡಿ ಸಿಕ್ಕಿಬಿದ್ದವರನ್ನು ಅವರು ಕೇಳಿದಾಗ, ಪೊಲೀಸರು ಹಿಂದಿಲ್ಲ ಎಂದು ಖಾತ್ರಿಯಾದರೆ ವೇಗ ಇಳಿಸುತ್ತಿದ್ದೆವು ಎಂದೇ ಹೆಚ್ಚಿನವರು ಹೇಳಿದರು. ಅಂದರೆ ಬಿಡುವ ಪೊಲೀಸರು ಬಿಟ್ಟದ್ದು ಕಾಣುವಂತೆ ಬಿಡಬೇಕು: ಸೈರನ್ ನಿಲ್ಲಿಸಿ, ದೀಪ ಆರಿಸಿ, ಬೇರೆ ದಿಕ್ಕಿಗೆ ತಿರುಗಿ. ದೀಪ ಆರಿಸಿ ಹಿಂದೆಯೇ ಹೋಗುತ್ತಿದ್ದರೆ ಅವನು ನಿಧಾನಿಸುವುದಿಲ್ಲ, ಪೊಲೀಸರ ಕೈಯಲ್ಲಿ ಸೈರನ್ನಿನ ರಕ್ಷಣೆಯೂ ಇರುವುದಿಲ್ಲ. ಎರಡೂ ಕಡೆಯ ಕೆಟ್ಟದ್ದು ಸೇರಿದ ಸ್ಥಿತಿ ಅದು.

ಪೊಲೀಸ್ ಮುಖ್ಯಸ್ಥರ ಸಂಶೋಧನಾ ವೇದಿಕೆ ಪರ್ಫ್ 2023ರಲ್ಲಿ ಹಿಂಸಾತ್ಮಕ ಅಪರಾಧ ನಡೆದಿದ್ದು, ಮತ್ತೊಂದು ನಡೆಯುವ ಅಪಾಯ ತಕ್ಷಣದಲ್ಲಿದ್ದರೆ ಮಾತ್ರ ಬೆನ್ನಟ್ಟಿ ಎಂದು ಶಿಫಾರಸು ಮಾಡಿತು. ಕಾರಣ ಸರಳ: ಶಂಕಿತನನ್ನು ಇನ್ನೊಂದು ದಿನ ಹಿಡಿಯಬಹುದು. ನಾನು ಅದರ ಪರ. ನಂಬರ್ ಸಿಕ್ಕಿದ, ಮುಖ ಕಂಡ ಕಾರು ಕಳ್ಳನಿಗಾಗಿ ಶಾಲೆ ಬಿಡುವ ಹೊತ್ತಿನಲ್ಲಿ ರಸ್ತೆಯನ್ನು ಪಣಕ್ಕಿಡಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಪ್ರಶ್ನೆ – ಶ್ರೀನಿಧಿ
ನಮ್ಮ ಕಾರಿಗೇ ಬಂದು ಗುದ್ದಿದರೆ ಪರಿಹಾರ ಯಾರು ಕೊಡುತ್ತಾರೆ ಸರ್?

ಉತ್ತರ – ನಾಗರಾಜ್
ಸಂವಿಧಾನದ ಹಕ್ಕಿನಡಿ ಕೇಂದ್ರ ನ್ಯಾಯಾಲಯಕ್ಕೆ ಹೋಗುವ ದಾರಿ ಬಹಳ ಇಕ್ಕಟ್ಟು. 1998ರ ಸ್ಯಾಕ್ರಮೆಂಟೊ ಕೌಂಟಿ – ಲೂಯಿಸ್ ಪ್ರಕರಣದಲ್ಲಿ, ಪೊಲೀಸರ ನಡೆ ಆತ್ಮಸಾಕ್ಷಿಯನ್ನೇ ನಡುಗಿಸುವಂಥದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯದ ಕಾನೂನಿನಲ್ಲಿ ತುರ್ತು ವಾಹನ ಓಡಿಸುವವರಿಗೂ ಇತರರ ಸುರಕ್ಷತೆ ಗಮನಿಸುವ ಹೊಣೆ ಇದೆ, ಹಾಗಾಗಿ ನಗರ ಅಥವಾ ಕೌಂಟಿಯ ಮೇಲೆ ಕ್ಲೇಮ್ ಹಾಕಬಹುದು. ಮೊದಲು ಲಿಖಿತ ಕ್ಲೇಮ್ ಕೊಟ್ಟು 60 ದಿನ ಕಾದ ಮೇಲಷ್ಟೇ ದಾವೆ. ಕದ್ದ ಕಾರಿನವನ ಕಡೆಯಿಂದ ವಿಮೆ ಬರುವ ಭರವಸೆ ಇಟ್ಟುಕೊಳ್ಳಬೇಡಿ. ನಿಮ್ಮ ಪಾಲಿಸಿಯಲ್ಲಿ ಪಿಐಪಿ (ತಪ್ಪು ಯಾರದ್ದಾದರೂ ನಿಮ್ಮ ಚಿಕಿತ್ಸೆಯ ಖರ್ಚು ಕೊಡುವ ವಿಮೆ) ಮತ್ತು ಯುಐಎಂ (ಗುದ್ದಿದವನಿಗೆ ವಿಮೆ ಇಲ್ಲದಿದ್ದರೆ ಅಥವಾ ಸಾಲದಿದ್ದರೆ ನೆರವಾಗುವ ವಿಮೆ) ಎರಡೂ ಇವೆಯೇ ಎಂದು ಇವತ್ತೇ ನೋಡಿ, ಕಂತು ಉಳಿಸಲು ಅವನ್ನು ಬೇಡವೆಂದು ಸಹಿ ಹಾಕಿರುತ್ತಾರೆ.

ಸೈರನ್ ಕೇಳಿದರೆ ಬಲಕ್ಕೆ ಸರಿದು, ಕೂಡುರಸ್ತೆ ಬಿಟ್ಟು ನಿಲ್ಲಿ. ಮೊದಲ ಪೊಲೀಸ್ ಕಾರು ದಾಟಿದ ತಕ್ಷಣ ಹೊರಡಬೇಡಿ, ಹಿಂದೆ ಎರಡನೆಯದು ಬರುತ್ತಿರುತ್ತದೆ. ಹಸಿರು ದೀಪವಿದ್ದರೂ ಎರಡೂ ಕಡೆ ನೋಡಿ.

ಪ್ರಶ್ನೆ – ಅನುಪಮಾ
ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ, ಪೊಲೀಸರು ಹೆಲ್ಮೆಟ್ ಇಲ್ಲದವರ ಹಿಂದೆ ಓಡುತ್ತಾರಲ್ಲ, ಅದಕ್ಕೂ ನಿಯಮ ಇದೆಯೇ?

ಉತ್ತರ – ಮಂಜುನಾಥ್
2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದ ಪುಟ್ಟ ಮಗು ಲಾರಿಗೆ ಸಿಕ್ಕಿ ತೀರಿಕೊಂಡಿತು, ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ಡಿಜಿಪಿ ಎಂ.ಎ. ಸಲೀಂ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬೇಡಿ, ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋಗುವವರನ್ನು ಬೆನ್ನಟ್ಟಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ. ಹೆಲ್ಮೆಟ್ ದಂಡಕ್ಕೆ ಕ್ಯಾಮೆರಾ ಮತ್ತು ನಂಬರ್ ಪ್ಲೇಟ್ ಸಾಕು, ನೋಟಿಸ್ ಮನೆಗೇ ಹೋಗುತ್ತದೆ. ಹೀಗಿರುವಾಗ ಯಾರಾದರೂ ಹ್ಯಾಂಡಲ್‌ಗೆ ಕೈ ಹಾಕಿದರೆ ವಾದಕ್ಕಿಳಿಯುವ ಮೊದಲು ಎಡಕ್ಕೆ ಸರಿದು ನಿಂತು, ಸಮಯ, ಜಾಗ, ಸಿಬ್ಬಂದಿಯ ಸಮವಸ್ತ್ರದ ಮೇಲಿನ ಹೆಸರು ನೋಡಿಕೊಂಡು ಮೇಲಧಿಕಾರಿಗೆ ಬರೆದು ದೂರು ಕೊಡಿ.