ಪೂರ್ವಗ್ರಹವೋ ಪೂರ್ವಾಗ್ರಹವೋ? ಅರ್ಜಿಯಲ್ಲಿ ಯಾವುದು ಬರೆಯಲಿ?

ಕಡೂರಿನ ಹುಡುಗ:
ನಮಸ್ಕಾರ. ನಮ್ಮಮ್ಮ ಪ್ರತಿ ವರ್ಷ ಊರಿನ ಏಳೆಂಟು ಹೆಂಗಸರ ಜೊತೆ ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಹೋಗುತ್ತಾರೆ. ಈ ಸಲ ಹೊಸದಾಗಿ ಬಂದ ರೈಟರಿಗೆ, ಅಂದರೆ ತೋಟದ ಲೆಕ್ಕ ಬರೆಯುವವರಿಗೆ, ಬಯಲುಸೀಮೆಯವರು ಅಂದರೆ ಆಗುವುದಿಲ್ಲ. ಮೊದಲ ದಿನ ಇವರಿನ್ನೂ ಗಿಡಕ್ಕೆ ಕೈ ಹಾಕಿರಲಿಲ್ಲ, ಆಗಲೇ 'ನಿಮ್ಮ ಕಡೆಯವರು ಕಾಯಿ ಹಣ್ಣು ನೋಡದೆ ತರಿದು ಹಾಕ್ತೀರಿ' ಅಂದರಂತೆ. ಸಂಜೆ ತೂಕ ಮಾಡುವಾಗ ಇವರ ಚೀಲಕ್ಕೆ ಮಾತ್ರ ಕಸ, ಕಾಯಿ ಅಂತ ಎರಡೆರಡು ಕೆಜಿ ಕಳೆಯುತ್ತಾರೆ. ಚೀಲ ಬಿಚ್ಚಿ ನೋಡುವುದೂ ಇಲ್ಲ. ಸಾಹುಕಾರರಿಗೆ ಅರ್ಜಿ ಬರೆಯುತ್ತಿದ್ದೇನೆ. 'ರೈಟರ್ ಪೂರ್ವಾಗ್ರಹ ಪೀಡಿತರಾಗಿದ್ದಾರೆ' ಅಂತ ಬರೆದೆ. ಒಬ್ಬ ಗೆಳೆಯ ದೀರ್ಘ ತೆಗಿ, ಅದು ಪೂರ್ವಗ್ರಹ ಅಂದ. ಇನ್ನೊಬ್ಬ ಪಕ್ಷಪಾತ ಅಂತ ಹಾಕು ಅಂದ. ಮೂರೂ ಒಂದೇನಾ?

ಹಾಸನದ ಕನ್ನಡ ಟೀಚರ್:
ನನ್ನ ಮಟ್ಟಿಗೆ ಪೂರ್ವಗ್ರಹ ಸರಿ. ಇಲ್ಲಿ ಗ್ರಹ ಅಂದರೆ ಹಿಡಿಯುವುದು. ಗ್ರಹಣ, ಗ್ರಹಿಸು, ಪಾಣಿಗ್ರಹಣ ಎಲ್ಲದರಲ್ಲೂ ಅದೇ ಇದೆ. ನೋಡುವ ಮೊದಲೇ ಮನಸ್ಸು ಹಿಡಿದುಕೊಂಡು ಕೂತದ್ದು ಪೂರ್ವಗ್ರಹ. ದೀರ್ಘ ಬಂದರೆ ಪೂರ್ವ, ಆಗ್ರಹ ಅಂತ ಬಿಡಿಸಬೇಕಾಗುತ್ತದೆ. ಆಗ್ರಹ ಅಂದರೆ ನಮ್ಮಲ್ಲಿ ಪಟ್ಟು ಹಿಡಿದು ಕೇಳುವುದು, 'ಬೆಂಬಲ ಬೆಲೆಗೆ ಆಗ್ರಹ' ಅಂತ ಪೇಪರಿನಲ್ಲಿ ಓದುತ್ತೇವಲ್ಲ. ಹಿಂದಿಯಲ್ಲಿ ಪೂರ್ವಾಗ್ರಹ ಅಂತಲೇ ಬರೆಯುತ್ತಾರೆ, ಮರಾಠಿಯಲ್ಲಿ ಪೂರ್ವಗ್ರಹ. ನಮ್ಮ ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ, ಹಾಗಾಗಿ ನೀವು ಬರೆದದ್ದು ಅರ್ಥವಾಗದೇ ಇರುವುದಿಲ್ಲ.

ಸಕಲೇಶಪುರ ತೋಟದವನು:
ಮೇಡಂ ಹೇಳಿದ್ದು ಸರಿ, ಆದರೆ ಮೂರೂ ಒಂದೇ ಅಲ್ಲ. ಗಿಡ ಮುಟ್ಟುವ ಮೊದಲೇ ಅಂದರಲ್ಲ, ಅದು ಪೂರ್ವಗ್ರಹ. ತನ್ನವರ ಕಡೆ ವಾಲಿದರೆ ಪಕ್ಷಪಾತ. ಒಂದೇ ತೋಟದ ಹಣ್ಣು, ಒಂದೇ ತಕ್ಕಡಿ, ಇವರಿಗೊಂದು ಲೆಕ್ಕ ಅವರಿಗೊಂದು ಲೆಕ್ಕ ಅಂದರೆ ತಾರತಮ್ಯ. ನಿಮ್ಮಮ್ಮನ ಕೂಲಿ ಹೋದದ್ದು ಇದರಿಂದ. ಅರ್ಜಿಯಲ್ಲಿ ಬರೀ ಪೂರ್ವಗ್ರಹ ಅಂತ ಇದ್ದರೆ ರೈಟರ್ 'ನನ್ನ ಮನಸ್ಸಲ್ಲಿ ಅಂಥದ್ದೇನಿಲ್ಲ' ಅಂತಾರೆ, ಅಲ್ಲಿಗೆ ಮುಗೀತು. ತೂಕದ್ದನ್ನು ಹಾಗೆ ತಳ್ಳಿಹಾಕಲು ಆಗಲ್ಲ. ಯಾವ ದಿನ, ಎಷ್ಟು ಕೆಜಿ ಬಂತು, ಎಷ್ಟು ಕಳೆದರು, ಎಲ್ಲಾ ಬರೆಯಿರಿ. ಕಾಯಿ ಇದೆ ಅನ್ನಿಸಿದರೆ ಟಾರ್ಪಲ್ ಮೇಲೆ ಸುರಿದು ಕೊಯ್ದವರ ಕಣ್ಣೆದುರೇ ಆರಿಸಬೇಕು, ಸುಮ್ನೆ ಕಳೆಯುವುದು ತಪ್ಪು.

ಅರಸೀಕೆರೆಯಿಂದ:
ಪೀಡಿತ ಅನ್ನುವುದನ್ನೂ ತೆಗೆಯಿರಿ ತಮ್ಮಾ. ಬರಪೀಡಿತ ತಾಲ್ಲೂಕು ಅಂತೀವಿ, ಅಂದರೆ ಬರದಿಂದ ಕಷ್ಟಪಟ್ಟದ್ದು. ಎಲ್ಲರೂ ಹಾಗೇ ಬರೆಯುತ್ತಾರೆ ನಿಜ, ಆದರೆ ಇಲ್ಲಿ ಕಷ್ಟಪಟ್ಟವರು ನಿಮ್ಮಮ್ಮ, ರೈಟರ್ ಅಲ್ಲ. ನಮ್ಮಜ್ಜಿ ಇಂಥದ್ದಕ್ಕೆಲ್ಲ ಪಂಕ್ತಿಭೇದ ಅನ್ನುತ್ತಿದ್ದರು. ಒಂದೇ ಸಾಲಿನಲ್ಲಿ ಊಟಕ್ಕೆ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ, ಪಕ್ಕದ ಎಲೆಗೆ ಬರೀ ಸಾರು. ಆ ಪದ ಕೇಳಿದರೆ ಸಾಕು, ನನಗೆ ಆ ಎಲೆ ಕಣ್ಣಿಗೆ ಕಟ್ಟುತ್ತದೆ.

ಕಡೂರಿನ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಊರು ನೋಡಿ ತೂಕದಲ್ಲಿ ತಾರತಮ್ಯ ಮಾಡುತ್ತಿದ್ದಾರೆ' ಅಂತ ಬದಲಾಯಿಸಿದೆ, ಕೆಳಗೆ ಒಂಬತ್ತು ದಿನದ ಲೆಕ್ಕ ಹಾಕಿದೆ. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಚೀಲ ಬಿಚ್ಚಿ ನೋಡಲಿಲ್ಲ ಅನ್ನೋದನ್ನ ಮೊದಲು ಹಾಕು' ಅಂದರು. ಅದನ್ನೇ ಮೊದಲು ಹಾಕಿದ್ದೇನೆ.