ಮಗಳಿಗೆ ಟಿನ್ ವಿಸಲ್ ಹುಚ್ಚು: ಬೇಸಿಗೆ ರಜೆಯಲ್ಲಿ ಐರಿಷ್ ಕೇಂದ್ರಕ್ಕೆ ಕರೆದುಕೊಂಡು ಹೋಗಬಹುದಾ?

ಲೂಕನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಮಗಳಿಗೆ 9 ವರ್ಷ. ನಾವು ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆಯಿತು, ಮನೆ ಊರಂಚಿನ ಲೂಕನ್‌ನಲ್ಲಿ. ಶಾಲೆಯಲ್ಲಿ ಟಿನ್ ವಿಸಲ್ ಅಂತ ಆರು ತೂತಿನ ಚಿಕ್ಕ ಐರಿಷ್ ಕೊಳಲು ಕಲಿಸಿದ್ದಾರೆ. ಬೆಳಿಗ್ಗೆ ಎದ್ದರೆ ಅದು, ದೋಸೆ ತಿನ್ನುವಾಗ ತಟ್ಟೆ ಪಕ್ಕದಲ್ಲಿ ಅದು, ಮಲಗುವಾಗ ದಿಂಬಿನ ಕೆಳಗೆ ಅದು. ಮಂಕ್ಸ್‌ಟೌನ್‌ನಲ್ಲಿ ಕುಲ್ತೂರ್ಲನ್ ಅಂತ ಐರಿಷ್ ಸಂಸ್ಕೃತಿ ಕೇಂದ್ರ ಇದೆ, ಬೇಸಿಗೆಯಲ್ಲಿ ಸಂಗೀತ, ಕೇಲಿ ಅಂತ ಎಲ್ಲರೂ ಸೇರಿ ಕುಣಿಯುವ ಕುಣಿತ ಎಲ್ಲ ಇರುತ್ತೆ, ಹೋಗಿ ನೋಡಿ ಅಂತ ಟೀಚರ್ ಹೇಳಿದರಂತೆ. ಅವತ್ತಿನಿಂದ ಒಂದೇ ಹಠ.

ಪ್ರತಿ ವರ್ಷ ಜೂನ್ ಕೊನೆಗೆ ಶಾಲೆ ಮುಚ್ಚಿದ ಮಾರನೇ ದಿನವೇ ನಾವು ಹಾಸನಕ್ಕೆ ಹೊರಡುತ್ತೇವೆ. ಈ ಸಲ ಇವಳು 'ಆಗಸ್ಟ್‌ನಲ್ಲಿ ಹೋಗೋಣ, ಜುಲೈ ಇಲ್ಲೇ ಇರೋಣ' ಅಂತಿದ್ದಾಳೆ. ಅತ್ತೆಗೆ ಹೇಗೆ ಹೇಳುವುದು? ಹೋದ ಭಾನುವಾರ ಅಜ್ಜಿ ಫೋನಿನಲ್ಲಿ ಹೊಸ ಲಂಗ ತೋರಿಸಿದರು. ಇವಳು ಖುಷಿಯಲ್ಲಿ 'ಗೊ ರೆವ್ ಮಾ ಅಗತ್' ಅಂದಳು. ಅಜ್ಜಿ ಗಾಬರಿಯಾಗಿ, 'ಏನೇ ಅದು? ಮಗು ಏನೋ ಅಗತ್ಯ ಅಂತಿದೆಯಲ್ಲ, ಏನು ಬೇಕಂತೆ?' ಅಂದರು. ಐರಿಷ್‌ನಲ್ಲಿ ಥ್ಯಾಂಕ್ಸ್ ಅಂತ ಅಮ್ಮ, ಅಂತ ಹೇಳಿ ಎಲ್ಲರೂ ನಕ್ಕೆವು. ಫೋನ್ ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷ್‌ನಲ್ಲಿ. ಈಗ ಮೂರನೆಯದೂ ಬಂತು.

ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಮಕ್ಕಳನ್ನು ಕರೆದುಕೊಂಡು ಹೋಗುವಂಥ ಜಾಗವಾ, ಇಲ್ಲ ಪಬ್ ಥರವಾ? ಯಜಮಾನರಿಗೆ ವಾರಾಂತ್ಯ ಶಿಫ್ಟ್, ಕಾರ್ ನನಗೆ ಸಿಗಲ್ಲ. ಬಸ್ಸಲ್ಲಿ ಆಗುತ್ತಾ?

ಮಂಗಳೂರು ಬನ್ಸ್:
ಅಕ್ಕ, ನಾವು ಎರಡು ವರ್ಷದ ಹಿಂದೆ ಒಂದು ಜುಲೈ ಸಂಜೆ ಹೋಗಿದ್ದೆವು. ಬಸ್ಸಲ್ಲಿ ಊರ ಮಧ್ಯಕ್ಕೆ ಬನ್ನಿ, ಅಲ್ಲಿಂದ ಡಾರ್ಟ್ ರೈಲು. ಸಾಲ್ಟ್‌ಹಿಲ್ ಅಂಡ್ ಮಂಕ್ಸ್‌ಟೌನ್ ಸ್ಟೇಷನ್ನಿನಲ್ಲಿ ಇಳಿದು ಬೆಲ್‌ಗ್ರೇವ್ ಸ್ಕ್ವೇರ್‌ಗೆ ನಡೆದರೆ ಆಯಿತು. ಸಮುದ್ರದ ಕಡೆ ಕಿಟಕಿ ಹಿಡಿದು ಕೂರಿಸಿ, ಮಗಳಿಗೆ ಅರ್ಧ ಖುಷಿ ರೈಲಿನಲ್ಲೇ ಸಿಗುತ್ತೆ. ಬಾರ್ ಇಲ್ಲದ ಹಾಲ್ ಈ ದೇಶದಲ್ಲಿ ಹುಡುಕುವುದೇ ಕಷ್ಟ. ಆದರೆ ನಾವು ಹೋದ ದಿನ ಯಾರೂ ಕುಡಿದು ಗಲಾಟೆ ಮಾಡಲಿಲ್ಲ. ಅಜ್ಜ ಅಜ್ಜಿಯರು, ಮೊಮ್ಮಕ್ಕಳು, ಟೂರಿಸ್ಟ್‌ಗಳು, ಎಲ್ಲ ಒಟ್ಟಿಗೆ.

ಕೇಲಿ ಅಂದರೆ ಹೆದರಬೇಡಿ. ವಾಲ್ಸ್ ಆಫ್ ಲಿಮೆರಿಕ್ ಅಂತ ಒಂದು ಕುಣಿತ ಇದೆ. ಎರಡು ಜೋಡಿ ಎದುರುಬದುರು ನಿಲ್ಲುತ್ತಾರೆ, ಮುಂದೆ ಬರುತ್ತಾರೆ, ಹಿಂದೆ ಹೋಗುತ್ತಾರೆ, ಕೈ ಹಿಡಿದು ಸುತ್ತುತ್ತಾರೆ, ಆಮೇಲೆ ದಾಟಿ ಮುಂದಿನ ಜೋಡಿಗೆ. ನಮ್ಮೆಜಮಾನರು ಶಾಲೆಯಲ್ಲಿ ಕೋಲಾಟ ಆಡಿದವರು, ಎರಡನೇ ಸುತ್ತಿಗೇ ಹಿಡಿದುಬಿಟ್ಟರು. ನಾನು ತಪ್ಪು ಕಡೆ ತಿರುಗಿ ಯಾರೋ ತಾತನ ಕಾಲು ತುಳಿದೆ. ಅವರು 'ಗ್ರ್ಯಾಂಡ್, ಗ್ರ್ಯಾಂಡ್' ಅಂತ ನನ್ನನ್ನೇ ತಿರುಗಿಸಿ ಸಾಲಿಗೆ ಸೇರಿಸಿದರು. ಊಟ ಮಾತ್ರ ಮನೆಯಲ್ಲಿ ಮುಗಿಸಿಕೊಂಡು ಹೋಗಿ. ಸಂಜೆ ಬೆಳಕು ಹತ್ತು ಗಂಟೆವರೆಗೂ ಇರುತ್ತಲ್ಲ, ವಾಪಸ್ ಬರುವಾಗ ಭಯ ಇಲ್ಲ.

ಹಳೇ ಬೇರು:
ಕ್ಷಮಿಸಿ ತಂಗಿ, ನಾನು ನೇರ ಮಾತಿನವನು. ನಾನು ಈ ದೇಶಕ್ಕೆ ಬಂದು 19 ವರ್ಷ. ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಮೊದಲು ವಿಸಲ್, ಆಮೇಲೆ ಕುಣಿತ, ಆಮೇಲೆ 'ಅಮ್ಮಾ, ಯುಗಾದಿಗೆ ನನಗೆ ಮ್ಯಾಚ್ ಇದೆ'. ಕನ್ನಡ ತರಗತಿಗೆ ಬನ್ನಿ ಅಂದರೆ ಹತ್ತು ಜನಕ್ಕೆ ಹತ್ತು ನೆಪ. ಅದೇ ಪಕ್ಕದ ಮನೆಯವರ ಸಂಸ್ಕೃತಿ ಅಂದರೆ ಬಸ್ಸು, ರೈಲು ಎರಡೂ ಹತ್ತಿ ಓಡುತ್ತೇವೆ. ಐರಿಷರು ತಮ್ಮ ಮಕ್ಕಳಿಗೆ ಡೊಳ್ಳು ಕುಣಿತ ಕಲಿಸುತ್ತಾರಾ? ಹಾಸನದಲ್ಲಿ ಅಜ್ಜಿ ಕಾಯುತ್ತಿದ್ದಾರೆ. ಅಜ್ಜಿ ಮನೆಯ ಎರಡು ತಿಂಗಳಿಗೆ ಯಾವ ಕೇಂದ್ರವೂ ಸಮ ಅಲ್ಲ. ಟಿಕೆಟ್ ಜೂನ್‌ಗೇ ಮಾಡಿಸಿ. ಚರ್ಚೆ ಮಾಡುವ ವಿಷಯವೇ ಅಲ್ಲ ಇದು.

ಕಾರ್ಕ್ ಕನ್ನಡಿಗ:
ಸರ್, ಚರ್ಚೆ ಮಾಡುವ ವಿಷಯ ಅಲ್ಲ ಅಂತ ಹೇಳಿಯೇ ಚರ್ಚೆ ಶುರು ಮಾಡಿದ್ದೀರಲ್ಲ!

ಸಂಗೀತದವರ ಮನೆಯಿಂದ ಬಂದವನು ನಾನು, ಒಂದು ಮಾತು ಹೇಳುತ್ತೇನೆ. ನಿಮ್ಮ ಮಕ್ಕಳಿಗೆ ಕರ್ನಾಟಕ ಸಂಗೀತದ ಕ್ಲಾಸಿನಲ್ಲಿ ನೊಟ್ಟುಸ್ವರ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಮುತ್ತುಸ್ವಾಮಿ ದೀಕ್ಷಿತರು ಮದ್ರಾಸ್ ಕಡೆ ಬ್ರಿಟಿಷರ ಬ್ಯಾಂಡ್ ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ್ದು. ಅದರಲ್ಲಿ 'ವಂದೇ ಮೀನಾಕ್ಷಿ' ಇದೆಯಲ್ಲ, ಅದರ ಮೂಲ ಧಾಟಿ 'ರೇಕ್ಸ್ ಆಫ್ ಮ್ಯಾಲೋ'. ಮ್ಯಾಲೋ ಎಲ್ಲಿದೆ ಗೊತ್ತಾ? ನಮ್ಮ ಕಾರ್ಕ್ ಕೌಂಟಿಯಲ್ಲಿ. ಡಬ್ಲಿನ್‌ನಿಂದ ಇಲ್ಲಿಗೆ ಬರುವ ರೈಲು ಅಲ್ಲಿ ನಿಲ್ಲುತ್ತೆ. ಮೊದಲ ಸಲ ಪ್ಲಾಟ್‌ಫಾರಂನಲ್ಲಿ ಆ ಬೋರ್ಡ್ ನೋಡಿದಾಗ ನನಗೆ ನನ್ನ ಸಂಗೀತದ ಮೇಡಂ ನೆನಪಾಗಿ ನಗು ತಡೆಯೋಕೆ ಆಗಲಿಲ್ಲ.

ಲೂಕನ್ ಅಕ್ಕ, ಶಾಲೆಯಲ್ಲಿ ಕೊಡುವ ವಿಸಲ್ ಸಾಮಾನ್ಯವಾಗಿ ಡಿ ಶ್ರುತಿದು. ಆರೂ ತೂತು ಮುಚ್ಚಿ ಒಂದೊಂದೇ ತೆಗೆಯುತ್ತಾ ಹೋದರೆ ಬರುವುದು ನಮ್ಮ ಶಂಕರಾಭರಣ ರಾಗ. ಸರಳೆ ವರಸೆ ನುಡಿಸಬೇಕು ಅಂದರೆ ಮಾತ್ರ ಕಷ್ಟ. ಅದು ಮಾಯಾಮಾಳವಗೌಳ, ರಿ ಮತ್ತು ಧ ಇಳಿಸೋಕೆ ತೂತನ್ನು ಅರ್ಧ ಮುಚ್ಚಬೇಕು, ಮಕ್ಕಳ ಬೆರಳಿಗೆ ಬೇಗ ಬರಲ್ಲ. ಅದರ ಬದಲು 'ವಂದೇ ಮೀನಾಕ್ಷಿ' ಕಲಿಸಿ. ಅಜ್ಜಿಗೂ ಆಯಿತು, ಟೀಚರ್‌ಗೂ ಆಯಿತು. ಇಲ್ಲಿನವರೂ ಹೆಚ್ಚಾಗಿ ಕಿವಿಯಿಂದಲೇ ಕಲಿಸುತ್ತಾರೆ, ನಮ್ಮ ಹಾಗೆ ಬಾಯಿಪಾಠ.

ಹಳೇ ಬೇರು:
ಸಂಗೀತ ಬೇರೆ, ಭಾಷೆ ಬೇರೆ. ಐರಿಷರ ಮಾತು ಬಂತಲ್ಲ, ಕೇಳಿ. 1924ರಲ್ಲಿ ಮೈಸೂರಿನಲ್ಲಿ ಹುಡುಗ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಜೇಮ್ಸ್ ಕಸಿನ್ಸ್‌ಗೆ ತೋರಿಸಿದರು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಅವರು. ನಿನ್ನ ಭಾಷೆಯಲ್ಲಿ ಬರಿ ಅಂತ ತಿದ್ದಿ ಕಳಿಸಿದರು. ಒಬ್ಬ ಐರಿಷನಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗಲ್ಲ ಅಂದರೆ ಏನು ಹೇಳುವುದು?

ಮಂಗಳೂರು ಬನ್ಸ್:
ಅದೇ ಉದಾಹರಣೆ ನನಗೂ ಬೇಕು ಅಣ್ಣ. ಕುವೆಂಪು ಮೊದಲು ಇಂಗ್ಲಿಷ್‌ನಲ್ಲಿ ಬರೆದರು, ಪರದೇಶದವರ ಹತ್ತಿರ ಹೋದರು, ಆಮೇಲೆ ಕನ್ನಡಕ್ಕೆ ಬಂದರು. ಹೊರಗೆ ಹೋದ್ದರಿಂದ ತಾನೇ ಬಂದಿದ್ದು? ಕಸಿನ್ಸ್ ಕೂಡ ಕವಿತೆ ಬರೆದದ್ದು ಇಂಗ್ಲಿಷ್‌ನಲ್ಲೇ.

ಹಳೇ ಬೇರು:
ತಂಗಿ, ಕುವೆಂಪು ಕುಪ್ಪಳ್ಳಿಯಲ್ಲಿ ಬೆಳೆದವರು. ನಿಮ್ಮ ಮಗು ಲೂಕನ್‌ನಲ್ಲಿ.

ಮಂಗಳೂರು ಬನ್ಸ್:
ನನ್ನ ಮಗು ಅಲ್ಲ ಅಣ್ಣ. ಪ್ರಶ್ನೆ ಕೇಳಿದವರು ಬೇರೆ.

ಧಾರವಾಡ ಪೇಢಾ:
ಜಗಳ ನಿಲ್ಲಿಸ್ರೀ ಸ್ವಲ್ಪ. ನಾನು ಪ್ರೈಮರಿ ಶಾಲೆಯಲ್ಲಿ ಕೆಲಸ ಮಾಡುವವಳು, ದಿನಾ ನೋಡುತ್ತೇನೆ. ಇಲ್ಲಿನ ಪ್ರತಿ ಮಗುವಿಗೂ ತಪ್ಪದೆ ಬರುವ ಐರಿಷ್ ವಾಕ್ಯ ಒಂದೇ: 'ಅನ್ ವಿಲ್ ಕ್ಯಾಡ್ ಅಗಮ್ ದಲ್ ಗೊ ಜೀ ಅನ್ ಲೆಹ್ರಸ್'. ಟಾಯ್ಲೆಟ್‌ಗೆ ಹೋಗಲಾ ಅಂತ. ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳಿಗೆ 'ಮಿಸ್, ನೀರು ಕುಡೀಲಾ' ಬರುವ ಹಾಗೆ. 2022ರ ಜನಗಣತಿಯಲ್ಲಿ 18 ಲಕ್ಷ 70 ಸಾವಿರಕ್ಕೂ ಹೆಚ್ಚು ಜನ ಐರಿಷ್ ಬರುತ್ತೆ ಅಂತ ಬರೆಸಿದರು. ಶಾಲೆಯ ಹೊರಗೆ ದಿನಾ ಮಾತಾಡುವವರು 72 ಸಾವಿರವೂ ಇಲ್ಲ! ತಮ್ಮದೇ ನೆಲ, ತಮ್ಮದೇ ಸರ್ಕಾರ, ರಸ್ತೆ ಬೋರ್ಡೆಲ್ಲ ಐರಿಷ್‌ನಲ್ಲೂ. ಆದರೂ ಹೀಗೆ. ಅದಕ್ಕೇ ಇವರು 1951ರಲ್ಲೇ ಕೋಲ್ತಸ್ ಅಂತ ಐರಿಷ್ ಸಂಗೀತದ ಸಂಘ ಕಟ್ಟಿಕೊಂಡು ಹಾಡು, ಕುಣಿತಕ್ಕೆ ಜೋತುಬಿದ್ದಿದ್ದಾರೆ. ನಮ್ಮ ಕೂಟದವರು ಹೋಗಿ ಅದನ್ನು ಹೇಗೆ ನಡೆಸುತ್ತಾರೆ ಅಂತ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಮ್ಮಲ್ಲಿ ರಾಜ್ಯೋತ್ಸವ ಅಂದರೆ ಮಕ್ಕಳು ಸ್ಟೇಜ್ ಮೇಲೆ, ನಾವು ಕೆಳಗೆ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಕೂತಿರುತ್ತೇವೆ. ಅಲ್ಲಿ ತಾತನೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ಕುಣಿಯುತ್ತಾರೆ.

ಗಾಲ್ವೇ ಗೌಡ:
ನಾನು ಬರೆಯಬಾರದು ಅಂತ ಇದ್ದೆ. ನನ್ನ ಮಗ ಇಲ್ಲಿಗೆ ಬಂದಾಗ 13 ವರ್ಷ. ಐರಿಷ್ ಓದುವುದರಿಂದ ವಿನಾಯಿತಿ ಸಿಕ್ಕಿತು. ಒಂದು ಸಬ್ಜೆಕ್ಟ್ ಕಮ್ಮಿ ಅಂತ ಖುಷಿಪಟ್ಟವನು ನಾನೇ. ಎಲ್ಲರೂ ಐರಿಷ್ ಪಾಠ ಕಲಿಯುವಾಗ ಇವನೊಬ್ಬ ಕ್ಲಾಸಿನ ಹಿಂದೆ ಕೂತು ಹೋಂವರ್ಕ್ ಮಾಡಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಸ್ನೇಹಿತರೆಲ್ಲ ಮೂರು ವಾರ ಗೇಲ್ತಖ್ತ್‌ಗೆ ಹೋಗುತ್ತಿದ್ದರು, ಐರಿಷ್ ಮಾತಾಡುವ ಹಳ್ಳಿಗಳಿಗೆ. ಯಾರದೋ ಮನೆಯಲ್ಲಿ ಉಳಿಯುವುದು, ಇಂಗ್ಲಿಷ್ ಮಾತಾಡಿ ಪದೇ ಪದೇ ಸಿಕ್ಕಿಬಿದ್ದರೆ ವಾಪಸ್ ಕಳಿಸುವುದು, ರಾತ್ರಿ ಕೇಲಿ. ಸೆಪ್ಟೆಂಬರ್‌ನಲ್ಲಿ ಅದೇ ಕಥೆ ಅವರ ಬಾಯಲ್ಲಿ. ಇವನು ಆ ಮೂರು ವಾರ ಮಂಡ್ಯದಲ್ಲಿ ಅಜ್ಜಿ ಮನೆ ಮಂಚದ ಮೇಲೆ ಫೋನ್ ನೋಡುತ್ತಾ ಮಲಗಿರುತ್ತಿದ್ದ. ಅಲ್ಲೂ ಸೇರಲಿಲ್ಲ, ಇಲ್ಲೂ ಸೇರಲಿಲ್ಲ. ಈಗ ಅವನಿಗೆ 22. ಕನ್ನಡ ಚೆನ್ನಾಗಿಯೇ ಬರುತ್ತೆ. ನಮ್ಮ ಹತ್ತಿರ ಮಾತೇ ಕಮ್ಮಿ.

ಹರ್ಲಿಂಗ್ ಅಪ್ಪ:
ಗೌಡ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮವನದು ಉಲ್ಟಾ ಕಥೆ! ಹರ್ಲಿಂಗ್ ಅಂತ ಇಲ್ಲಿನ ಕೋಲು ಚೆಂಡಿನ ಆಟ ಇದೆಯಲ್ಲ, 7 ವರ್ಷಕ್ಕೆ ಅದನ್ನು ಕಲಿಸುವ ಕೂಲ್ ಕ್ಯಾಂಪ್ ಅನ್ನುವ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದು. 6ರಿಂದ 13 ವರ್ಷದವರಿಗೆ ಇರುತ್ತೆ, ಒಂದು ವಾರ, ಜೆರ್ಸಿ ಬ್ಯಾಗ್ ಎಲ್ಲ ಅವರೇ ಕೊಡುತ್ತಾರೆ. ಈಗ ಕ್ಲಬ್ ತಂಡದಲ್ಲಿದ್ದಾನೆ. ಹೆಲ್ಮೆಟ್ ಹಾಕಿಕೊಂಡು ಆ ಮರದ ಕೋಲು ಬೀಸಿದರೆ ನೋಡಬೇಕು ನೀವು, ನಮ್ಮೂರ ಚಿನ್ನಿದಾಂಡು ಕಂಡ ಹಾಗೆ ಆಗುತ್ತೆ. ಹೋದ ತಿಂಗಳು ಮ್ಯಾನ್ ಆಫ್ ದಿ ಮ್ಯಾಚ್. ಫೋಟೋ ಹಾಕಿದ್ದೇನೆ. ಹೆಣ್ಣುಮಕ್ಕಳಿಗೆ ಇದೇ ಥರದ ಕಮೋಗಿ ಆಟ ಇದೆ ಮೇಡಂ, ವಿಸಲ್ ಬಿಡಿ, ಅದಕ್ಕೆ ಸೇರಿಸಿ.

ಹಳೇ ಬೇರು:
ನೋಡಿ, ನಾನು ಹೇಳಿದ್ದು ಇದೇ. ಮ್ಯಾಚ್.

ಹರ್ಲಿಂಗ್ ಅಪ್ಪ:
ಸರ್, ನಮ್ಮವನು ಯುಗಾದಿಗೆ ಮ್ಯಾಚ್ ಮುಗಿಸಿ ಬಂದು ಬೇವು ಬೆಲ್ಲ ತಿಂದ. ಜೆರ್ಸಿಯಲ್ಲೇ ತಿಂದ, ಅಷ್ಟೆ.

ಸಿರ್ಸಿ ಹೆಬ್ಬಾರ್ತಿ:
ವಿಸಲ್ ಸರಿ, ಆಮೇಲೆ ಬೌರಾನ್ ಬೇಕು ಅಂತ ಕೇಳುತ್ತಾರೆ, ಹುಷಾರು. ನಮ್ಮ ಮನೆಯಲ್ಲಿ ಈಗ ಅದೇ ರಾಮಾಯಣ. ಜರಡಿಯಷ್ಟು ಅಗಲದ ಚರ್ಮವಾದ್ಯ, ಚಿಕ್ಕ ಕೋಲಲ್ಲಿ ಹೊಡೆಯುವುದು. ಚರ್ಮ ಆಡಿನದು. ಅತ್ತೆ ಬಂದಿದ್ದಾಗ ದೇವರ ಗೂಡಿನ ಪಕ್ಕ ಇಟ್ಟಿದ್ದನ್ನು ನೋಡಿ ಎರಡು ದಿನ ಮಾತಾಡಲಿಲ್ಲ.

ಕಾರ್ಕ್ ಕನ್ನಡಿಗ:
ಮೃದಂಗದ ಚರ್ಮ ಯಾವ ಮರದಲ್ಲಿ ಬೆಳೆಯುತ್ತೆ ಅಂತ ಅತ್ತೆಯವರನ್ನು ಕೇಳಿ ನೋಡಬಹುದಿತ್ತು.

ಸಿರ್ಸಿ ಹೆಬ್ಬಾರ್ತಿ:
ಕೇಳಿದೆ ತಮ್ಮಾ. 'ಅದು ದೇವರ ವಾದ್ಯ, ಅದಕ್ಕೆ ಮೈಲಿಗೆ ಇಲ್ಲ' ಅಂದರು. ಈಗ ಬೌರಾನ್ ಬಟ್ಟೆ ಒಣಗಿಸುವ ಕೋಣೆಯಲ್ಲಿದೆ. ತೇವಕ್ಕೆ ಚರ್ಮ ಸಡಿಲವಾಗಿ ಡಬ್ ಡಬ್ ಅಂತಿದೆ.

ಹಳೇ ಬೇರು:
ವಿಷಯ ಎಲ್ಲಿಗೋ ಹೋಯಿತು. ಕೊನೆಯ ಸಲ ಹೇಳುತ್ತೇನೆ. ನಮ್ಮ ಕನ್ನಡ ತರಗತಿಗೆ ಈ ವರ್ಷ ಹೆಸರು ಕೊಟ್ಟವರು ಆರೇ ಜನ. ಅದರಲ್ಲಿ ಇಬ್ಬರು ಆಂಧ್ರದವರು, ಅವರ ಅಮ್ಮ ಬಳ್ಳಾರಿಯವರು ಅಂತ ಸೇರಿಸಿದ್ದು. ನಾನು ಹಾಲ್‌ಗೆ ಬಾಡಿಗೆ ಕಟ್ಟಿ, ಸ್ಲೇಟು ಬಳಪ ಊರಿಂದ ತರಿಸಿ ಕಾಯುತ್ತಾ ಕೂತಿರುತ್ತೇನೆ. ಅದಕ್ಕೆ ಹೊಟ್ಟೆ ಉರಿಯುತ್ತೆ. ಅಷ್ಟೇ.

ಧಾರವಾಡ ಪೇಢಾ:
ಸರ್, ಒಂದು ಕೆಲಸ ಮಾಡೋಣ. ಈ ಮಗುವನ್ನೇ ನಿಮ್ಮ ತರಗತಿಗೆ ವಿಸಲ್ ಸಮೇತ ಕರೆಸಿ. ಕಾಗುಣಿತದ ಆಮೇಲೆ ಹತ್ತು ನಿಮಿಷ ಅದೂ ನಡೆಯಲಿ. ಉಳಿದವರು ತಾವಾಗಿ ಬರುತ್ತಾರೆ.

ಹಳೇ ಬೇರು:
ನೋಡೋಣ.

ಲೂಕನ್ ಅಮ್ಮ:
ಎಲ್ಲರಿಗೂ ಧನ್ಯವಾದ. ನಿನ್ನೆ ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅತ್ತೆಗೇ ನೇರವಾಗಿ ಫೋನ್ ಮಾಡಿ ಹೇಳಿದೆ, ಜುಲೈ ಕೊನೆಗೆ ಬರುತ್ತೇವೆ ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. 'ಬಾ, ಆದರೆ ಹಲಸಿನ ಹಣ್ಣು ಮುಗಿದಿರುತ್ತೆ, ಆಮೇಲೆ ನನ್ನನ್ನು ಕೇಳಬೇಡ' ಅಂದರು. ಆ ಮಾತಿನಲ್ಲಿ ಎಷ್ಟು ಕೋಪ ಇತ್ತು, ಎಷ್ಟು ಇರಲಿಲ್ಲ ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ. 'ವಂದೇ ಮೀನಾಕ್ಷಿ' ಯೂಟ್ಯೂಬ್‌ನಲ್ಲಿ ಹಾಕಿಕೊಟ್ಟೆ. ಇವಳು ಎರಡು ಸಾಲು ಕೇಳಿ 'ಅಮ್ಮಾ, ದಿಸ್ ಈಸ್ ಎ ಪೋಲ್ಕಾ!' ಅಂದಳು. ಪೋಲ್ಕಾ ಅಂದರೆ ಏನು ಅಂತ ನನಗೆ ಗೊತ್ತಿಲ್ಲ, ನಮ್ಮ ಕಡೆ ಅದು ರವಿಕೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ರಾತ್ರಿ ಡಾರ್ಟ್ ಇಳಿದ ಮೇಲೆ ಲೂಕನ್ ಕಡೆ ಕೊನೇ ಬಸ್ ಎಷ್ಟು ಗಂಟೆಗೆ?

ಹರ್ಲಿಂಗ್ ಅಪ್ಪ:
ಮೇಡಂ, ಜುಲೈ ಕೊನೆಗೆ ಊರಿಗೆ ಹೋಗುತ್ತೀರಾ? ವಾಪಸ್ ಬರುವಾಗ ಅರ್ಧ ಕೆಜಿ ಬಿಸಿಬೇಳೆಬಾತ್ ಪುಡಿ ತರೋಕೆ ಜಾಗ ಇರುತ್ತಾ?

ಸಿರ್ಸಿ ಹೆಬ್ಬಾರ್ತಿ:
ನನಗೂ ಒಂದು ಪ್ಯಾಕೆಟ್. ಹಾಸನದಿಂದಲ್ವಾ, ಕಾಫಿಪುಡಿ ಸಿಕ್ಕರೆ ಅದೂ.