ಬುದ್ಧಿವಂತ, ಜಾಣ, ಹುಷಾರು: ತಂದೆ ತಾಯಿಗೆ ಕೇಳುವ ಪ್ರಶ್ನೆಯಲ್ಲಿ ಯಾವ ಪದ ಹಾಕೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ, ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಬೇರೆ ಬೇರೆ ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸಿ ನೋಡುವ ಅಧ್ಯಯನಗಳಲ್ಲಿ ತಂದೆ ತಾಯಿಗೆ ಹೀಗೊಂದು ಪ್ರಶ್ನೆ ಕೇಳುವುದುಂಟು: ನಿಮ್ಮ ಪ್ರಕಾರ ಇಂಟೆಲಿಜೆಂಟ್ ಮಗು ಅಂದರೆ ಹೇಗಿರುತ್ತದೆ? ಇದನ್ನು ಕನ್ನಡಕ್ಕೆ ತರುವಾಗ ಕೈ ತಾನಾಗಿ ‘ಬುದ್ಧಿವಂತ ಮಗು’ ಅಂತ ಬರೆದುಬಿಡುತ್ತದೆ. ನಿಘಂಟು ನೋಡಿದರೂ ಅದೇ ಸಿಗುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಆ ಪದ ಕೇಳಿದ ತಾಯಿ ನಾವು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡುತ್ತಾಳೆ ಅಂತ ನನ್ನ ಅನುಮಾನ.

‘ಬುದ್ಧಿ’ ಪದವನ್ನು ನಾವು ದಿನಾ ಹೇಗೆ ಬಳಸುತ್ತೇವೆ ನೋಡಿ. ಮಗುವಿಗೆ ಬುದ್ಧಿ ಹೇಳುತ್ತೇವೆ. ಪೆಟ್ಟು ತಿಂದ ಮೇಲೆ ಬುದ್ಧಿ ಬಂತಾ ಅಂತ ಕೇಳುತ್ತೇವೆ. ಸಿಟ್ಟು ಬಂದರೆ ‘ನಿನಗೆ ಬುದ್ಧಿ ಕಲಿಸ್ತೀನಿ ತಾಳು’ ಅನ್ನುತ್ತೇವೆ, ಆಮೇಲೆ ‘ಕೊನೆಗೂ ತನ್ನ ಬುದ್ಧಿ ತೋರಿಸಿದ’ ಅಂತ ಗೊಣಗುತ್ತೇವೆ. ಕೆಟ್ಟ ಬುದ್ಧಿ, ಸಣ್ಣ ಬುದ್ಧಿ, ನಾಯಿ ಬುದ್ಧಿ. ಇದರಲ್ಲಿ ಒಂದಕ್ಕಾದರೂ ಲೆಕ್ಕ ಬಿಡಿಸುವ ಶಕ್ತಿಗೂ ಸಂಬಂಧ ಇದೆಯಾ? ಎಲ್ಲ ನಡತೆ, ವಿವೇಕ, ಸ್ವಭಾವದ ಮಾತುಗಳೇ. ‘ಬುದ್ಧಿವಂತ’ ಅಂದಾಗ ಮಾತ್ರ ಅರ್ಥ ತಲೆಯ ಚುರುಕಿನ ಕಡೆ ವಾಲುತ್ತದೆ, ಆದರೂ ಮೂಲದ ವಾಸನೆ ಪೂರ್ತಿ ಹೋಗುವುದಿಲ್ಲ. ವಿರುದ್ಧಪದ ಹಾಕಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ‘ಬುದ್ಧಿವಂತ’ನಿಗೆ ಎದುರು ‘ದಡ್ಡ’, ಅದು ಬಹುಪಾಲು ಪಾಠದ ವಿಚಾರ. ‘ಬುದ್ಧಿ ಇದೆ’ ಅನ್ನುವುದಕ್ಕೆ ಎದುರು ‘ಬುದ್ಧಿಗೇಡಿ’, ಅದು ನಡವಳಿಕೆಯ ವಿಚಾರ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವನನ್ನೂ ಬುದ್ಧಿಗೇಡಿ ಅಂತ ಬೈಯಬಹುದು, ಅಲ್ವಾ?

ಹಾಗಾದರೆ ‘ಜಾಣ’ ಹಾಕೋಣ ಅಂತ ಯಾರಾದರೂ ಹೇಳುತ್ತೀರಿ. ಅದೂ ಅಷ್ಟು ಸುಲಭ ಇಲ್ಲ. ಮಗು ಹಠ ಮಾಡದೆ ಔಷಧಿ ಕುಡಿದರೆ ‘ಜಾಣ ಮರಿ’. ಇಲ್ಲಿ ಜಾಣತನ ಅಂದರೆ ಮಾತು ಕೇಳುವುದು, ಅಷ್ಟೇ. ಅದೇ ಪದ ದೊಡ್ಡವರಿಗೆ ಬಂದಾಗ ಜಾಣಕಿವುಡು, ಜಾಣಕುರುಡು ಆಗುತ್ತದೆ, ‘ಅತಿ ಜಾಣ’ ಅಂದರಂತೂ ಅವನ ಹತ್ತಿರ ಹುಷಾರಾಗಿರು ಅಂತಲೇ ಅರ್ಥ.

ಹುಷಾರು ಅಂದೆನಲ್ಲ, ಅದಂತೂ ಇನ್ನೊಂದು ಕಥೆ. ಮಂಗಳೂರು ಕಡೆ ‘ಹುಡುಗ ಹುಷಾರಿದ್ದಾನೆ’ ಅಂದರೆ ಓದಿನಲ್ಲಿ ಚುರುಕು ಅಂತ. ಮೈಸೂರು ಕಡೆ ಅದೇ ಮಾತು ಹೇಳಿದರೆ ಜ್ವರ ಬಿಟ್ಟಿದೆ ಅಂತ ತಿಳಿಯುತ್ತಾರೆ. ಉತ್ತರ ಕರ್ನಾಟಕಕ್ಕೆ ಹೋದರೆ ‘ಶಾಣ್ಯಾ’ ಇದೆ, ಮರಾಠಿಯ ನೆಂಟಸ್ತಿಕೆಯ ಪದ, ಹೊಗಳುವುದಕ್ಕೂ ಆಗುತ್ತದೆ, ಚುಚ್ಚುವುದಕ್ಕೂ ಆಗುತ್ತದೆ. ಒಂದೇ ಪ್ರಶ್ನೆಪತ್ರಿಕೆ ಮೂರೂ ಕಡೆ ಹೋಗಬೇಕಲ್ಲ?

ಮನಶ್ಶಾಸ್ತ್ರದ ಪುಸ್ತಕದಲ್ಲಿ ‘ಬುದ್ಧಿಮತ್ತೆ’, ‘ಬುದ್ಧಿಶಕ್ತಿ’, ‘ಬುದ್ಧಿಲಬ್ಧ’ (ಐಕ್ಯೂ) ಎಲ್ಲ ಇವೆ. ಅಲ್ಲಿ ಇರಲಿ, ನನಗೇನೂ ಬೇಸರ ಇಲ್ಲ. ಆದರೆ ಅವು ಬರೆದವರಿಗೆ ಅರ್ಥವಾಗುವ ಪದಗಳು. ಉತ್ತರ ಕೊಡುವವರಿಗೂ ಅರ್ಥವಾಗಬೇಕು.

ಇದು ಕನ್ನಡದ ಕೊರತೆ ಅಂತ ಯಾರೂ ಅಂದುಕೊಳ್ಳಬೇಡಿ. ಈ ತೊಡಕು ಬೇರೆ ಕಡೆ ಎಷ್ಟೋ ಹಿಂದೆಯೇ ಬಂದಿದೆ. 1970ರ ದಶಕದಲ್ಲಿ ರಾಬರ್ಟ್ ಸರ್ಪೆಲ್ ಎಂಬ ಮನಶ್ಶಾಸ್ತ್ರಜ್ಞ ಜಾಂಬಿಯಾದ ಪೂರ್ವಭಾಗದ ಚೆವಾ ಜನರ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅವರು ‘ಯಾವ ಮಗು ಬುದ್ಧಿವಂತ’ ಅಂತ ನೇರವಾಗಿ ಕೇಳಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ, ಅಲ್ಲಿ ಈ ಮಕ್ಕಳಷ್ಟೇ ಇದ್ದಾರೆ, ಸಹಾಯಕ್ಕೆ ಜನ ಕರೆದುಕೊಂಡು ಬಾ ಅಂತ ಯಾರನ್ನು ಕಳಿಸುತ್ತೀರಿ, ಯಾಕೆ ಅವನನ್ನೇ? ಹೀಗೆ ಕೇಳಿದರು. ಹಿರಿಯರು ಒಂದು ಮಗುವನ್ನು ಆರಿಸಿ ಕಾರಣ ಹೇಳುವಾಗ ‘ನ್ಜೇಲು’ ಅನ್ನುವ ಪದ ಮತ್ತೆ ಮತ್ತೆ ಬಂತು. ಅದರಲ್ಲಿ ಚುರುಕುತನವೂ ಇದೆ, ಹೇಳಿದ ಕೆಲಸ ನೆಚ್ಚಿಕೊಳ್ಳುವ ಹಾಗೆ ಮಾಡಿ ಮುಗಿಸುವ ಗುಣವೂ ಇದೆ. ಎರಡೂ ಸೇರಿದರೇ ನ್ಜೇಲು. ಬರೀ ಚುರುಕಿದ್ದು ಹೊಣೆ ಇಲ್ಲದಿದ್ದರೆ ಆ ಮಗುವನ್ನು ಕಳಿಸುವುದಿಲ್ಲ. ಹಳ್ಳಿಯವರು ಆರಿಸಿದ ಮಕ್ಕಳಿಗೇ ಬುದ್ಧಿಶಕ್ತಿ ಅಳೆಯುವ ಪರೀಕ್ಷೆಯಲ್ಲೂ ಜಾಸ್ತಿ ಅಂಕ ಬಂತು ಅಂತ ಹೇಳುವ ಹಾಗೂ ಇರಲಿಲ್ಲ. ನಮ್ಮ ‘ಬುದ್ಧಿ ಇರೋ ಹುಡುಗ’ ಇದಕ್ಕೆ ಎಷ್ಟು ಹತ್ತಿರ ಇದ್ದಾನೆ ನೋಡಿ!

ಕೆನ್ಯಾದ ಕಿಪ್ಸಿಗಿಸ್ ಜನರಲ್ಲಿ ಸಂಶೋಧಕರಾದ ಸಾರಾ ಹಾರ್ಕ್‌ನೆಸ್ ಮತ್ತು ಚಾರ್ಲ್ಸ್ ಸೂಪರ್ ಕಂಡದ್ದೂ ಹೀಗೇ. ಅಲ್ಲಿ ಮಕ್ಕಳಿಗೆ ಬಳಸುವ ಪದ ‘ಙೊಮ್’. ಯಾರೂ ನೆನಪಿಸದಿದ್ದರೂ ಮನೆಗೆಲಸ ಮಾಡುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಗು ಙೊಮ್. ಪಾಠದ ಮಾತಾದರೆ ‘ಶಾಲೆಯಲ್ಲಿ ಙೊಮ್’ ಅಂತ ಬೇರೆಯಾಗಿಯೇ ಹೇಳುತ್ತಾರೆ. ಈ ‘ಶಾಲೆಯಲ್ಲಿ’ ಅನ್ನುವ ಬಾಲ ನನಗೆ ಬಹಳ ಇಷ್ಟವಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪದ ಬಿಟ್ಟು ಪರೀಕ್ಷೆಗೆ ಬಂದರೂ ಇದೇ ಗೋಳು. ಲೈಬೀರಿಯಾದಲ್ಲಿ ಸಂಶೋಧಕರು ಕ್ಪೆಲ್ಲೆ ಜನಾಂಗದ ರೈತರ ಮುಂದೆ ತಿನ್ನುವ ವಸ್ತು, ಉಪಕರಣ, ಬಟ್ಟೆ, ಪಾತ್ರೆ ಇಟ್ಟು ‘ಒಟ್ಟಿಗೆ ಹೋಗುವುದನ್ನು ಸೇರಿಸಿ’ ಅಂದರು. ರೈತ ಚಾಕುವನ್ನು ಕಿತ್ತಳೆ ಹಣ್ಣಿನ ಜೊತೆ ಇಟ್ಟ, ಯಾಕೆಂದರೆ ಚಾಕು ಇರುವುದೇ ಅದನ್ನು ಕತ್ತರಿಸಲಿಕ್ಕೆ, ತಿಳಿದವನು ಹೀಗೇ ಇಡುವುದು ಅಂದ. ಸರಿ, ಪೆದ್ದನಾದರೆ ಹೇಗೆ ಇಡುತ್ತಾನೆ ಅಂತ ಕೇಳಿದಾಗ ತಿನ್ನುವುದು ಒಂದು ಕಡೆ, ಉಪಕರಣ ಒಂದು ಕಡೆ ಅಂತ ಚೊಕ್ಕವಾಗಿ ವಿಂಗಡಿಸಿ ತೋರಿಸಿದ. ಸಂಶೋಧಕರು ಬುದ್ಧಿವಂತಿಕೆಯ ಗುರುತು ಅಂತ ಕಾಯುತ್ತಿದ್ದದ್ದು ಅದನ್ನೇ! ಸರ್ಪೆಲ್ ಅವರೇ ಇನ್ನೊಂದು ಅಧ್ಯಯನದಲ್ಲಿ ಜಾಂಬಿಯಾ ಮತ್ತು ಇಂಗ್ಲೆಂಡಿನ ಮಕ್ಕಳಿಗೆ ಒಂದು ಆಕಾರ ನೋಡಿ ಅದೇ ಥರ ಮಾಡಿ ಅಂದರು. ಪೆನ್ಸಿಲ್ ಕಾಗದ ಕೊಟ್ಟಾಗ ಇಂಗ್ಲೆಂಡಿನವರು ಮುಂದೆ. ತಂತಿ ಕೊಟ್ಟಾಗ ಜಾಂಬಿಯಾದವರು ಮುಂದೆ, ಅಲ್ಲಿನ ಹುಡುಗರು ತಂತಿ ಬಗ್ಗಿಸಿ ಆಟದ ಕಾರು ಮಾಡಿ ಪಳಗಿದವರು. ಜೇಡಿಮಣ್ಣು ಕೊಟ್ಟಾಗ ಇಬ್ಬರೂ ಸಮಸಮ.

‘ಅನುವಾದ ಸರಿಯಿದೆಯಾ ಅಂತ ಮರಳಿ ಇಂಗ್ಲಿಷಿಗೆ ತಂದು ನೋಡುತ್ತಾರಲ್ಲ, ಅಷ್ಟು ಸಾಲದಾ’ ಅಂತ ನೀವು ಕೇಳಬಹುದು. ಈ ಪದದ ಮಟ್ಟಿಗೆ ಸಾಲದು. ‘ಇಂಟೆಲಿಜೆಂಟ್’ ಅನ್ನುವುದನ್ನು ಒಬ್ಬರು ‘ಬುದ್ಧಿವಂತ’ ಅಂತ ಮಾಡುತ್ತಾರೆ, ಇನ್ನೊಬ್ಬರು ಅದನ್ನು ನೋಡಿ ಮತ್ತೆ ‘ಇಂಟೆಲಿಜೆಂಟ್’ ಅಂತಲೇ ಬರೆಯುತ್ತಾರೆ. ಇಬ್ಬರೂ ಓದಿದವರು, ಇಬ್ಬರ ತಲೆಯಲ್ಲೂ ಅದೇ ನಿಘಂಟು. ಪರೀಕ್ಷೆ ಪಾಸು. ಇಂಗ್ಲಿಷ್ ಬಾರದ ತಾಯಿ ಆ ಪದಕ್ಕೆ ಏನು ತಿಳಿದಳು ಅನ್ನುವುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. 2000ದಿಂದ 15 ವರ್ಷದ ವಿದ್ಯಾರ್ಥಿಗಳನ್ನು ದೇಶ ದೇಶಗಳ ನಡುವೆ ಹೋಲಿಸುತ್ತಿರುವ ಪೀಸಾ ಪರೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಮೂಲಪಾಠ ಇಟ್ಟುಕೊಂಡು, ಎರಡು ಬೇರೆ ಅನುವಾದ ಮಾಡಿಸಿ ಆಮೇಲೆ ಒಂದಾಗಿಸುತ್ತಾರೆ. ಅದು ಒಳ್ಳೆಯ ಏರ್ಪಾಡೇ. ಆದರೂ ಅನುವಾದಕರ ಭಾಷೆಗೂ ಮನೆಮಾತಿಗೂ ನಡುವಿನ ಅಂತರ ಅದರಿಂದ ಸಿಕ್ಕಿಬೀಳುವುದಿಲ್ಲ ಅಂತ ನನ್ನ ಅನಿಸಿಕೆ.

ನಡುವೆ ಒಂದು ಸಣ್ಣ ಮಾತು. ‘ಬೆಳವಣಿಗೆ’ ಪದಕ್ಕೂ ಇದೇ ಕಾಯಿಲೆ ಇದೆ. ‘ಮಗುವಿನ ಬೆಳವಣಿಗೆ ಹೇಗಿದೆ’ ಅಂದರೆ ಬರುವ ಉತ್ತರ ತೂಕ, ಎತ್ತರ. ನಡೆಯುವುದು, ಮಾತಾಡುವುದು, ಜನರ ಜೊತೆ ಬೆರೆಯುವುದು ಕೇಳಬೇಕಿದ್ದರೆ ಬಿ.ಎಡ್. ಪುಸ್ತಕದವರು ‘ವಿಕಾಸ’ ಅನ್ನುತ್ತಾರೆ, ಅದು ಕೇಳಿದವರಿಗೆ ಮಂಗನಿಂದ ಮಾನವ ನೆನಪಾಗುತ್ತದೆ. ಇಲ್ಲಿ ನನಗೆ ಕಂಡ ದಾರಿ ಪದವನ್ನೇ ಬಿಟ್ಟುಬಿಡುವುದು. ‘ಯಾವಾಗ ತಾನೇ ನಡೆಯಲು ಶುರು ಮಾಡಿತು’ ಅಂತ ಕೇಳಿದರೆ ಆಯಿತು. ಆಧಾರವಿಲ್ಲದೆ ನಡೆಯಲು ಶುರು ಮಾಡುವ ವಯಸ್ಸು ಸುಮಾರು 8ರಿಂದ 18 ತಿಂಗಳ ನಡುವೆ ಎಲ್ಲಿ ಬೇಕಾದರೂ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದೆ. ಅದನ್ನು ಅಳೆಯುವುದಕ್ಕೆ ‘ವಿಕಾಸ’ ಪದ ಯಾರಿಗೂ ಬೇಕಾಗಿಲ್ಲ.

‘ಬುದ್ಧಿವಂತ’ನನ್ನು ಮಾತ್ರ ಹಾಗೆ ಬಿಡಲು ಆಗುವುದಿಲ್ಲ, ಯಾಕೆಂದರೆ ಅಲ್ಲಿ ತಿಳಿಯಬೇಕಿರುವುದೇ ಜನ ಆ ಪದಕ್ಕೆ ಏನು ತುಂಬಿದ್ದಾರೆ ಅಂತ. ಕಿಪ್ಸಿಗಿಸ್ ಜನರ ಆ ಬಾಲ ಕೆಲಸಕ್ಕೆ ಬರುವುದು ಇಲ್ಲೇ. ಒಂದು ಪ್ರಶ್ನೆಯನ್ನು ಎರಡು ಮಾಡಬಹುದು: ‘ಓದು ಬರಹದಲ್ಲಿ ಚುರುಕಾದ ಮಗು ಹೇಗಿರುತ್ತದೆ?’ ಅಂತ ಒಂದು, ‘ಈ ಮಗುವಿಗೆ ಬುದ್ಧಿ ಇದೆ ಅಂತ ಯಾವಾಗ ಅನ್ನುತ್ತೀರಿ?’ ಅಂತ ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬಂದರೆ ನನ್ನ ಅನುಮಾನ ಸುಳ್ಳು. ಬೇರೆ ಬೇರೆ ಬಂದರೆ ಇಂಗ್ಲಿಷಿನ ಒಂದು ಪದದ ಕೆಳಗೆ ಕನ್ನಡದ ಎರಡು ವಿಷಯ ಸಿಕ್ಕಿಹಾಕಿಕೊಂಡಿವೆ ಅಂತಾಯಿತು. ಇದರಲ್ಲಿ ಒಂದು ತೊಂದರೆಯಂತೂ ಇದೆ, ಬೇರೆ ದೇಶಗಳಲ್ಲಿ ಒಂದೇ ಪ್ರಶ್ನೆ, ನಮ್ಮಲ್ಲಿ ಎರಡು ಅಂದರೆ ಹೋಲಿಸುವವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಈಗ ನಿಮ್ಮಿಂದ ಬೇಕಾದದ್ದು. ‘ಚುರುಕು’ ನಿಮ್ಮ ಕಡೆ ತಲೆಗೆ ಸೇರಿದ್ದಾ, ಕೈ ಕಾಲಿಗೆ ಸೇರಿದ್ದಾ? ನನ್ನ ಕಿವಿಗೆ ಎರಡೂ ಸರಿ, ಹಾಗಾಗಿ ಹಿಂದೆ ‘ಓದು ಬರಹದಲ್ಲಿ’ ಅಂತ ಸೇರಿಸಿದ್ದೇನೆ, ಅದಿಲ್ಲದೆ ನಿಲ್ಲುತ್ತದಾ ಅಂತ ಹೇಳಿ. ‘ಹುಷಾರು’ ಅಂದರೆ ಚುರುಕು ಅನ್ನುವ ಬಳಕೆ ಕರಾವಳಿ ಬಿಟ್ಟು ಬೇರೆಲ್ಲಿ ಇದೆ? ಮತ್ತೆ ‘ತಿಳುವಳಿಕೆ ಇರುವ ಮಗು’ ಅಂತ ಐದಾರು ವರ್ಷದ ಮಗುವಿಗೆ ಯಾರಾದರೂ ಸಹಜವಾಗಿ ಹೇಳುತ್ತೀರಾ, ಇಲ್ಲ ಅದು ದೊಡ್ಡವರಿಗೆ ಮಾತ್ರ ಹೇಳುವ ಮಾತಾ? ಪುಸ್ತಕದ ಉದಾಹರಣೆ ಬೇಡ. ಮನೆಯಲ್ಲಿ ಆಡುವ ಮಾತನ್ನು ಹಾಗೇ ಬರೆಯಿರಿ, ಯಾವ ಊರಿನ ಮಾತು ಅಂತಲೂ ಜೊತೆಗೆ ಹಾಕಿ.